ಮೆಚ್ಚಬೇಕಾದವನು ಆತನು: ಆರಾಧನೆಯ ಬಗ್ಗೆ ಓದುಗರ ಪ್ರಶ್ನೆಗಳು

ದೇವರು ಮೆಚ್ಚುವ ಆರಾಧನೆ ಯಾವುದು ಎಂದು ಕೇಳಿ ಬಂದ ಪತ್ರಗಳಲ್ಲಿ ಒಂಬತ್ತನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಉತ್ತರಗಳಲ್ಲಿ ಅಧ್ಯಾಯ, ವಚನಗಳ ಅಂಕಿಗಳನ್ನು ಕೊಟ್ಟಿದ್ದೇವೆ. ಸತ್ಯವೇದವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಓದಿ. ನಾವು ಹೇಳಿದ್ದು ಅಲ್ಲಿ ಇದೆಯೋ ಇಲ್ಲವೋ ಎಂದು ನೀವೇ ನೋಡಿ.

ಪ್ರಶ್ನೆ: ಮನಸ್ಸು ಶುದ್ಧವಾಗಿದ್ದರೆ ಸಾಕು, ಯಾವ ರೀತಿಯಲ್ಲಿ ಆರಾಧಿಸಿದರೂ ದೇವರು ಒಪ್ಪಿಕೊಳ್ಳುತ್ತಾನೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹಾಗಾದರೆ ಉಜ್ಜ ಸತ್ತದ್ದೇಕೆ? ದೇವರ ಆಜ್ಞೆಗಳ ಹಲಗೆಗಳನ್ನಿಟ್ಟ ಪವಿತ್ರ ಪೆಟ್ಟಿಗೆಯಾದ ಮಂಜೂಷ ಬಂಡಿಯಿಂದ ಬೀಳಬಾರದೆಂದು ತಾನೇ ಅವನು ಕೈಚಾಚಿದ್ದು?

ಉತ್ತರ: ಈ ಪ್ರಸಂಗವನ್ನು ಉಜ್ಜನ ಕೈಯಿಂದ ಓದಲು ಶುರುಮಾಡಿದರೆ ಅರ್ಥವಾಗುವುದಿಲ್ಲ, ಬಂಡಿಯಿಂದ ಶುರುಮಾಡಬೇಕು. ಮಂಜೂಷಕ್ಕೆ ಬಳೆಗಳಿದ್ದವು, ಆ ಬಳೆಗಳಲ್ಲಿ ಕೋಲುಗಳು ಯಾವಾಗಲೂ ಇರಬೇಕಿತ್ತು (ವಿಮೋಚನಕಾಂಡ 25:12-15). ಅದನ್ನು ಹೊರುವ ಕೆಲಸ ಲೇವಿ ಕುಲದ ಮೂರು ಶಾಖೆಗಳಲ್ಲಿ ಒಂದಾದ ಕೆಹಾತ್ಯರದು, ಅದೂ ಹೆಗಲ ಮೇಲೆ. ಮೋಶೆ ಗೇರ್ಷೋನ್ಯರಿಗೆ ಎರಡು ಬಂಡಿ, ಮೆರಾರೀಯರಿಗೆ ನಾಲ್ಕು ಬಂಡಿ ಕೊಟ್ಟು ಕೆಹಾತ್ಯರಿಗೆ ಮಾತ್ರ ಒಂದನ್ನೂ ಕೊಡಲಿಲ್ಲ (ಅರಣ್ಯಕಾಂಡ 7:7-9). ಪವಿತ್ರ ವಸ್ತುಗಳನ್ನು ಮುಟ್ಟಿದವರು ಸಾಯುವರೆಂಬ ಎಚ್ಚರಿಕೆಯೂ ಮೊದಲೇ ಇತ್ತು (4:15). ಮಂಜೂಷವನ್ನು ಯೆರೂಸಲೇಮಿಗೆ ತರಲು ಹೊರಟ ಅರಸ ದಾವೀದನ ಜನರು ಏನು ಮಾಡಿದರು? ಹೊಸ ಬಂಡಿ ಕಟ್ಟಿಸಿದರು. ಮಂಜೂಷವನ್ನು ಹೊಸ ಬಂಡಿಯಲ್ಲಿ ಸಾಗಿಸಿದ್ದು ಮೊದಲು ಫಿಲಿಷ್ಟಿಯರು (1 ಸಮುವೇಲ 6:7). ಧರ್ಮಶಾಸ್ತ್ರ ಅವರ ಕೈಯಲ್ಲಿರಲಿಲ್ಲ. ಅದು ಕೈಯಲ್ಲಿದ್ದವರು ಅವರನ್ನೇ ಅನುಕರಿಸಿದರು. ಮೂವತ್ತು ಸಾವಿರ ಮಂದಿ, ವಾದ್ಯ, ಕುಣಿತ, ಯಾವುದಕ್ಕೂ ಕೊರತೆಯಿರಲಿಲ್ಲ. ಎತ್ತುಗಳು ಎಡವಿದ್ದು ಆಮೇಲಿನ ಮಾತು. ಮೂರು ತಿಂಗಳಾದ ಮೇಲೆ ದಾವೀದನೇ ಕಾರಣವನ್ನು ಬಾಯಿಬಿಟ್ಟು ಹೇಳಿದ: ಹಿಂದಿನ ಸಲ ನಾವು ವಿಧಿಗೆ ಸರಿಯಾಗಿ ಆತನನ್ನು ಹುಡುಕಲಿಲ್ಲ. ಎರಡನೆಯ ಸಲ ಲೇವಿಯರು ಕೋಲುಗಳಿಂದ ಹೆಗಲ ಮೇಲೆ ಹೊತ್ತು ತಂದರು (1 ಪೂರ್ವಕಾಲವೃತ್ತಾಂತ 15:13-15).

ಬೆಂಕಿಗೆ ಬಲಿಯಾದ ಯಾಜಕರು, ಆರೋನನ ಮಕ್ಕಳಾದ ನಾದಾಬ್ ಮತ್ತು ಅಬೀಹೂ ಇವರದೂ ಇಂಥದೇ ತಪ್ಪು. ಯೆಹೋವನ ಸನ್ನಿಧಿಯಿಂದ ಬೆಂಕಿ ಹೊರಟು ಯಜ್ಞವೇದಿಯ ಮೇಲಿನ ಹೋಮವನ್ನು ದಹಿಸಿತ್ತು. ಇವರು ಆತನು ಆಜ್ಞಾಪಿಸದ ಬೇರೆ ಬೆಂಕಿಯನ್ನು ಧೂಪಾರತಿಗಳಲ್ಲಿ ತಂದರು (ಯಾಜಕಕಾಂಡ 9:24, 10:1). ಇಲ್ಲಿ ಗಮನಿಸಬೇಕಾದ ಮಾತು 'ನಿಷೇಧಿಸಿದ' ಅಲ್ಲ, 'ಆಜ್ಞಾಪಿಸದ'. ರಾಜ್ಯ ಇಬ್ಭಾಗವಾದಾಗ ಉತ್ತರದ ಇಸ್ರಾಯೇಲಿಗೆ ಅರಸನಾದ ಯಾರೊಬ್ಬಾಮನದು ಇನ್ನೂ ಸ್ಪಷ್ಟ. ಪರ್ಣಶಾಲೆಗಳ ಹಬ್ಬ ಏಳನೆಯ ತಿಂಗಳ 15ನೆಯ ದಿನದಲ್ಲಿ ಬರುತ್ತಿತ್ತು. ಅವನು ಎಂಟನೆಯ ತಿಂಗಳ 15ನೆಯ ದಿನದಲ್ಲಿ ಅದರಂಥದೇ ಒಂದು ಹಬ್ಬ ಮಾಡಿದ. ಬೇತೇಲಿನಲ್ಲೊಂದು, ದಾನಿನಲ್ಲೊಂದು ಬಸವನನ್ನು ನಿಲ್ಲಿಸಿದ, ಲೇವಿಯರಲ್ಲದವರನ್ನು ಯಾಜಕರನ್ನಾಗಿ ಮಾಡಿದ. ಜನರು ಯೆರೂಸಲೇಮಿಗೆ ಹೋದರೆ ರಾಜ್ಯ ಕೈತಪ್ಪುತ್ತದೆಂಬ ಭಯ ಅವನಿಗೆ. ಆ ತಿಂಗಳು ಅವನ ಮನಸ್ಸಿಗೆ ತೋಚಿದ್ದು ಎಂದು ಗ್ರಂಥ ನೇರವಾಗಿ ಹೇಳುತ್ತದೆ (1 ಅರಸುಗಳು 12:26-33).

ಇಷ್ಟು ಓದಿ ವಿಧಿಯೊಂದೇ ಮುಖ್ಯ, ಮನಸ್ಸು ಏನಾದರೇನು ಎಂದುಕೊಂಡರೆ ಅದೂ ತಪ್ಪು. ಯೆಹೂದದ ಅರಸ ಹಿಜ್ಕೀಯನು ಆಚರಿಸಿದ ಪಸ್ಕ ಹಬ್ಬದ ವೃತ್ತಾಂತವನ್ನು ಓದಿ (2 ಪೂರ್ವಕಾಲವೃತ್ತಾಂತ 30). ಎಫ್ರಾಯೀಮ್, ಮನಸ್ಸೆ, ಇಸ್ಸಾಕಾರ್, ಜೆಬುಲೂನ್ ಕುಲಗಳಿಂದ ಬಂದ ಬಹಳ ಮಂದಿ ಶುದ್ಧಿ ಮಾಡಿಕೊಳ್ಳದೆಯೇ, ಬರೆದಿದ್ದಕ್ಕೆ ವಿರುದ್ಧವಾಗಿ ಪಸ್ಕದ ಭೋಜನ ಮಾಡಿದರು. ವಿಧಿ ಮೀರಿದ್ದು ಸ್ಪಷ್ಟ. ಅರಸನು ಅದನ್ನು ಮುಚ್ಚಿಡದೆ, ಪವಿತ್ರಾಲಯದ ಶುದ್ಧಿಯ ನಿಯಮ ತಪ್ಪಿದರೂ ದೇವರನ್ನು ಹುಡುಕಲು ಮನಸ್ಸು ಮಾಡಿದವರನ್ನು ಕ್ಷಮಿಸೆಂದು ಬೇಡಿದ. ಯೆಹೋವನು ಆ ಮೊರೆಯನ್ನು ಕೇಳಿದನು (18-20). ದಾವೀದನ ಬಂಡಿಯನ್ನೂ ಹಿಜ್ಕೀಯನ ಪಸ್ಕವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ. ಒಂದು ಕಡೆ ದೇವರು ಹೇಳಿದ್ದು ಏನೆಂದು ವಿಚಾರಿಸದ ಸಂಭ್ರಮ. ಇನ್ನೊಂದು ಕಡೆ ತಪ್ಪನ್ನು ತಪ್ಪೆಂದೇ ಹೇಳಿ ಕೃಪೆ ಬೇಡುವ ಹೃದಯ. ತಿಳಿಯದೆ ತಪ್ಪಿದ್ದೇನೆಯೋ ಎಂದು ನಡುಗುವವರು ಹೆದರಬೇಕಾಗಿಲ್ಲ. ತಿಳಿದುಕೊಳ್ಳುವ ಅಗತ್ಯವೇ ಇಲ್ಲವೆನ್ನುವವರು ಹೆದರಬೇಕು.

ಆದಾಮನ ಮಕ್ಕಳಲ್ಲಿ ಹೇಬೆಲನ ಕಾಣಿಕೆಯನ್ನು ದೇವರು ಮೆಚ್ಚಿದನು, ಅಣ್ಣ ಕಾಯಿನನದು ಬೆಳೆಯಾಗಿದ್ದರಿಂದ ತಿರಸ್ಕೃತವಾಯಿತು ಎಂದು ಕೆಲವರು ಬರೆದಿದ್ದಾರೆ. ಮುಂದೆ ಯಾಜಕಕಾಂಡದ 2ನೆಯ ಅಧ್ಯಾಯದಲ್ಲಿ ಧಾನ್ಯನೈವೇದ್ಯಕ್ಕೆ ದೇವರೇ ವಿಧಿ ಕೊಟ್ಟಿದ್ದಾನೆ, ಆದ್ದರಿಂದ ಈ ವಾದ ಅಷ್ಟು ಗಟ್ಟಿಯಲ್ಲ. ಹೇಬೆಲನ ನಂಬಿಕೆ (ಇಬ್ರಿಯರಿಗೆ 11:4), ಕಾಯಿನನ ಕೆಟ್ಟ ಕೃತ್ಯಗಳು (1 ಯೋಹಾನ 3:12), ಹೊಸ ಒಡಂಬಡಿಕೆ ಎತ್ತಿ ಹೇಳುವುದು ಈ ಎರಡನ್ನೇ.

ಪ್ರಶ್ನೆ: ದೇವರನ್ನು ಆತ್ಮದಲ್ಲಿಯೂ ಸತ್ಯದಲ್ಲಿಯೂ ಆರಾಧಿಸಬೇಕೆಂದು ಯೇಸು ಸಮಾರ್ಯದ ಸ್ತ್ರೀಗೆ ಹೇಳಿದನಲ್ಲ. ಅಂದಮೇಲೆ ಮೊಣಕಾಲೂರುವುದು, ಕೈಯೆತ್ತುವುದು, ಇವೆಲ್ಲ ಬೇಡವೆಂದಾಯಿತೇ?

ಉತ್ತರ: ಇಲ್ಲ. ಆ ಸ್ತ್ರೀ ಕೇಳಿದ್ದು ದೇಹದ ಬಗ್ಗೆಯಲ್ಲ, ಸ್ಥಳದ ಬಗ್ಗೆ. ಗೆರಿಜ್ಜೀಮ್ ಬೆಟ್ಟವೋ ಯೆರೂಸಲೇಮೋ ಎಂಬುದು ಸಮಾರ್ಯದವರಿಗೂ ಯೆಹೂದ್ಯರಿಗೂ ಹಳೆಯ ಜಗಳ. ಬೆಟ್ಟದ ಮೇಲಿದ್ದ ಸಮಾರ್ಯದವರ ದೇವಾಲಯವನ್ನು ಯೆಹೂದ್ಯರ ಅಧಿಪತಿ ಹಿರ್ಕಾನ ಕ್ರಿಸ್ತಪೂರ್ವ 2ನೆಯ ಶತಮಾನದಲ್ಲಿಯೇ ಕೆಡವಿಸಿದ್ದ. ಹಾಗಾಗಿ ಅವಳು ಆ ಮಾತೆತ್ತಿದಾಗ ಅದರಲ್ಲಿ ಗಾಯದ ನೋವೂ ಇತ್ತು. ಯೇಸು ಎರಡೂ ಸ್ಥಳಗಳನ್ನು ದಾಟಿ ಮಾತಾಡಿದನು. ಸತ್ಯದ ವಿಷಯವನ್ನು ಮಾತ್ರ ತೇಲಿಸಿಬಿಡಲಿಲ್ಲ: ನೀವು ಅರಿಯದೆ ಇರುವುದನ್ನು ಆರಾಧಿಸುತ್ತೀರಿ, ರಕ್ಷಣೆ ಯೆಹೂದ್ಯರೊಳಗಿಂದ ಬರುತ್ತದೆ ಎಂದನು (ಯೋಹಾನ 4:22). ಆದ್ದರಿಂದ 'ಆತ್ಮ' ಎಂದರೆ ಬರೀ ಭಾವನೆಯಲ್ಲ, 'ಸತ್ಯ' ಎಂದರೆ ಬರೀ ಪ್ರಾಮಾಣಿಕತೆಯೂ ಅಲ್ಲ. ಅದೇ ಸುವಾರ್ತೆಯಲ್ಲಿ ಮುಂದೆ ಪವಿತ್ರಾತ್ಮನಿಗೆ ಸತ್ಯದ ಆತ್ಮನೆಂದು ಹೆಸರು (14:17), ಯೇಸು ತಾನೇ ಸತ್ಯವೆನ್ನುತ್ತಾನೆ (14:6). ಪವಿತ್ರಾತ್ಮನ ಸಹಾಯದಿಂದ, ಕ್ರಿಸ್ತನಲ್ಲಿ ತೋರಿಬಂದ ದೇವರನ್ನು ಆರಾಧಿಸುವುದೆಂದೇ ಆ ಮಾತನ್ನು ಓದಬೇಕು.

ದೇಹದ ವಿಷಯಕ್ಕೆ ಬಂದರೆ, 20ರಿಂದ 24ರವರೆಗಿನ ಐದು ವಚನಗಳಲ್ಲಿ ಆರಾಧನೆಗೆ ಬಳಸಿದ ಗ್ರೀಕ್ ಪದ ಪ್ರೊಸ್ಕುನೆಯೊ. ಅದರಿಂದ ಬಂದ ನಾಮಪದವನ್ನೂ ಸೇರಿಸಿದರೆ ಹತ್ತು ಬಾರಿ ಬರುತ್ತದೆ. ಅದರ ಮೂಲಾರ್ಥವೇ ಬಾಗಿ ಅಡ್ಡಬೀಳುವುದು. ಸತ್ಯವೇದದಲ್ಲಿ ಭಂಗಿಗಳು ಹಲವು. ಮೊಣಕಾಲೂರಿ (ಲೂಕ 22:41), ನಿಂತು (ಮಾರ್ಕ 11:25), ಕುಳಿತು (2 ಸಮುವೇಲ 7:18), ಬೋರಲಬಿದ್ದು (ಮತ್ತಾಯ 26:39), ಕೈಯೆತ್ತಿ (1 ತಿಮೊಥೆಯ 2:8) ಪ್ರಾರ್ಥಿಸಿದವರಿದ್ದಾರೆ. ಕಣ್ಣು ಮುಚ್ಚಬೇಕೆಂಬ ಆಜ್ಞೆ ಎಲ್ಲಿಯೂ ಇಲ್ಲ. ಯೇಸು ಕಣ್ಣೆತ್ತಿ ಪ್ರಾರ್ಥಿಸಿದ್ದುಂಟು (ಯೋಹಾನ 17:1). ಹೀಗಿರುವಾಗ ಒಂದು ಭಂಗಿಯನ್ನು ಎಲ್ಲರ ಮೇಲೆ ಹೇರುವುದು ಸರಿಯಲ್ಲ, ದೇಹ ಲೆಕ್ಕಕ್ಕೇ ಇಲ್ಲವೆನ್ನುವುದೂ ಸರಿಯಲ್ಲ. ದೇಹವನ್ನೇ ಸಜೀವ ಯಜ್ಞವಾಗಿ ಒಪ್ಪಿಸಿರೆಂದು ಪೌಲನು ಬರೆದಿದ್ದಾನೆ (ರೋಮಾಪುರದವರಿಗೆ 12:1).

ಪ್ರಶ್ನೆ: ಭಾನುವಾರದ ಕೂಟದಲ್ಲಿ ಇರಲೇಬೇಕಾದವು ಯಾವುವು? ನಮ್ಮದು ಹೊಸ ಸಭೆ. ಕ್ರಮ ರೂಪಿಸುವ ಹೊಣೆ ನಮ್ಮ ಮೇಲಿದೆ.

ಉತ್ತರ: ಹೊಸ ಒಡಂಬಡಿಕೆಯಲ್ಲಿ ಅಚ್ಚುಹಾಕಿದಂಥ ಒಂದು ಕ್ರಮಪಟ್ಟಿ ಸಿಗುವುದಿಲ್ಲ. ಆದರೆ ಕೂಟದಲ್ಲಿ ಏನೇನು ನಡೆಯುತ್ತಿತ್ತೆಂಬುದು ಸಿಗುತ್ತದೆ: ಅಪೊಸ್ತಲರ ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ (ಅಪೊಸ್ತಲರ ಕೃತ್ಯಗಳು 2:42), ಎಲ್ಲರ ಮುಂದೆ ಗ್ರಂಥಪಾರಾಯಣ (1 ತಿಮೊಥೆಯ 4:13), ಹಾಡು (ಕೊಲೊಸ್ಸೆ 3:16), ಬಡವರಿಗಾಗಿ ಹಣ ಕೂಡಿಡುವುದು (1 ಕೊರಿಂಥ 16:1-2). ಸುಮಾರು 155ರಲ್ಲಿ ರೋಮಿನಲ್ಲಿದ್ದ ಜಸ್ಟಿನ್ ಎಂಬ ರಕ್ತಸಾಕ್ಷಿ ಭಾನುವಾರದ ಕೂಟವನ್ನು ವರ್ಣಿಸಿದ್ದಾನೆ. ಅಪೊಸ್ತಲರ ಬರಹಗಳನ್ನೋ ಪ್ರವಾದಿಗಳ ಬರಹಗಳನ್ನೋ ಸಮಯ ಇರುವಷ್ಟು ಹೊತ್ತು ಓದುವುದು, ಮುಖ್ಯಸ್ಥನ ಬುದ್ಧಿಮಾತು, ಎಲ್ಲರೂ ಎದ್ದು ನಿಂತು ಪ್ರಾರ್ಥನೆ, ರೊಟ್ಟಿ ಮತ್ತು ನೀರು ಬೆರೆಸಿದ ದ್ರಾಕ್ಷಾರಸ, ಜನರ ಆಮೆನ್, ಬಾರದವರ ಪಾಲನ್ನು ಸಭಾಸೇವಕರು ಮನೆಗೆ ಒಯ್ಯುವುದು, ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿರುವವರು, ಪರಸ್ಥಳದವರು ಇವರಿಗಾಗಿ ಕಾಣಿಕೆ. ಹೊಸ ಸಭೆಗೆ ಇದಕ್ಕಿಂತ ಒಳ್ಳೆಯ ಚೌಕಟ್ಟು ಹುಡುಕಬೇಕಾಗಿಲ್ಲ.

ಹೆಚ್ಚಾಗಿ ಕೆಡುವುದು ಎರಡು ಕಡೆ. ಒಂದು, ಪಾರಾಯಣ. ಪ್ರಸಂಗಕ್ಕೆ ಆಧಾರವಾದ ಒಂದೆರಡು ವಚನ ಓದಿ ಮುಗಿಸುತ್ತಾರೆ, ಸಮಯವಿಲ್ಲ ಎನ್ನುತ್ತಾರೆ. ಸಾಧಾರಣ ಅಧ್ಯಾಯವೊಂದನ್ನು ನಿಧಾನವಾಗಿ ಓದಲು ನಾಲ್ಕೈದು ನಿಮಿಷ ಸಾಕು. ಹಳೆಯ ಒಡಂಬಡಿಕೆಯಿಂದ ಒಂದು ಭಾಗ, ಒಂದು ಕೀರ್ತನೆ, ಪತ್ರಿಕೆಗಳಿಂದ ಒಂದು, ಸುವಾರ್ತೆಯಿಂದ ಒಂದು, ಇವಿಷ್ಟಕ್ಕೂ ಹದಿನೈದು ನಿಮಿಷ. ಓದುವವರಿಗೆ ಮೂರು ದಿನ ಮೊದಲೇ ತಿಳಿಸಿ. ಮನೆಯಲ್ಲಿ ಗಟ್ಟಿಯಾಗಿ ಎರಡು ಸಲ ಓದಿಕೊಂಡು, ಕಷ್ಟದ ಹೆಸರುಗಳನ್ನು ರೂಢಿಮಾಡಿಕೊಂಡು ಬರಲಿ. ಎದ್ದು ಬಂದು ಪುಟ ಹುಡುಕುತ್ತಾ ತಡವರಿಸಿದರೆ ಕೇಳುವವರ ಕಿವಿ ಮುಚ್ಚಿಹೋಗುತ್ತದೆ.

ಇನ್ನೊಂದು, ಇತರರಿಗಾಗಿ ಪ್ರಾರ್ಥನೆ. ಎಲ್ಲ ಮನುಷ್ಯರಿಗೋಸ್ಕರ, ಅರಸರಿಗೋಸ್ಕರ, ಅಧಿಕಾರಿಗಳಿಗೋಸ್ಕರ ವಿಜ್ಞಾಪನೆ ಮಾಡಬೇಕೆಂದು ಪೌಲನು ಹೇಳುವಾಗ 'ಮೊದಲು' ಎಂಬ ಮಾತನ್ನು ಬಳಸಿದ್ದಾನೆ (1 ತಿಮೊಥೆಯ 2:1-2). ನಮ್ಮ ಎಷ್ಟೋ ಕೂಟಗಳಲ್ಲಿ ಪ್ರಾರ್ಥನೆಯೆಂದರೆ ಈ ಕೂಟ ಚೆನ್ನಾಗಿ ನಡೆಯಲಿ ಎಂಬುದಷ್ಟೇ ಆಗಿಬಿಟ್ಟಿದೆ. ಸಭೆಯ ಹೊರಗಿನ ಲೋಕಕ್ಕಾಗಿ, ಅಧಿಕಾರದಲ್ಲಿರುವವರಿಗಾಗಿ, ಕಾಯಿಲೆಯವರಿಗಾಗಿ, ಹಿಂಸೆಯಲ್ಲಿರುವ ವಿಶ್ವಾಸಿಗಳಿಗಾಗಿ ಒಬ್ಬೊಬ್ಬರು ಎರಡೆರಡು ನಿಮಿಷ ಪ್ರಾರ್ಥಿಸಿ, ಉಳಿದವರು ಆಮೆನ್ ಹೇಳಲಿ. ಅರ್ಥವಾಗದ ಪ್ರಾರ್ಥನೆಗೆ ಕೇಳುವವನು ಆಮೆನ್ ಹೇಳುವುದು ಹೇಗೆ ಎಂದು ಪೌಲನು ಕೇಳಿದ್ದು ನೆನಪಿರಲಿ (1 ಕೊರಿಂಥ 14:16).

ಪ್ರಶ್ನೆ: ಹಾಡಿನ ತಂಡದಲ್ಲಿದ್ದೇನೆ. ಒಂದೇ ಸಾಲನ್ನು ಇಪ್ಪತ್ತು ನಿಮಿಷ ಹಾಡಿಸುತ್ತೇವೆ, ಜನರು ಅಳುತ್ತಾರೆ. ಇದು ಬರೀ ಪುನರುಕ್ತಿ ಎಂದು ಹಿರಿಯರೊಬ್ಬರು ಆಕ್ಷೇಪಿಸಿದರು. ವಾದ್ಯಗಳೇ ಬೇಡವೆಂದು ಇನ್ನೊಬ್ಬರು. ನಾವು ತಪ್ಪುತ್ತಿದ್ದೇವೆಯೇ?

ಉತ್ತರ: ಪುನರುಕ್ತಿಯೇ ತಪ್ಪಾಗಿದ್ದರೆ 136ನೆಯ ಕೀರ್ತನೆ ಇರುತ್ತಿರಲಿಲ್ಲ. ಅಲ್ಲಿ 26 ವಚನಗಳು, 26 ಸಲವೂ ಅದೇ ಪಲ್ಲವಿ. ಗೆತ್ಸೇಮನೆಯಲ್ಲಿ ಯೇಸು ಮೂರನೆಯ ಸಲವೂ ಅದೇ ಮಾತುಗಳಿಂದ ಪ್ರಾರ್ಥಿಸಿದನು (ಮತ್ತಾಯ 26:44). ಬಹಳ ಮಾತಾಡಿದರೆ ದೇವರು ಕೇಳುತ್ತಾನೆಂಬ ಎಣಿಕೆಯನ್ನು ಆತನು ಬೇಡವೆಂದನು (6:7). ಕೀರ್ತನೆಯಲ್ಲಿ ಇನ್ನೊಂದನ್ನೂ ಗಮನಿಸಿ. ಪಲ್ಲವಿ ಬದಲಾಗದಿದ್ದರೂ ಅದರ ಮುಂಚಿನ ಸಾಲು ಪ್ರತಿಸಲವೂ ಹೊಸದು: ಸೃಷ್ಟಿ, ಐಗುಪ್ತ, ಕೆಂಪು ಸಮುದ್ರ, ಅರಣ್ಯ, ಅನ್ನ. ಹೇಳುವುದಕ್ಕೆ ವಿಷಯ ಇರುವುದರಿಂದ ಪಲ್ಲವಿ ಮರಳಿ ಬರುತ್ತದೆ. ನಿಮ್ಮ ಇಪ್ಪತ್ತು ನಿಮಿಷದಲ್ಲಿ ಹೊಸ ಸಾಲು ಎಷ್ಟು?

ಕಣ್ಣೀರನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ತಾಳ ನಿಧಾನಿಸಿ, ಸ್ವರ ಏರಿಸಿ, ದೀಪ ತಗ್ಗಿಸಿದರೆ ದೇವರ ಹೆಸರೇ ಇಲ್ಲದ ಹಾಡಿಗೂ ಜನ ಅಳುತ್ತಾರೆ. ಆದ್ದರಿಂದ ಕಣ್ಣೀರು ಅಳತೆಗೋಲಾಗದು. ಆತ್ಮದಿಂದಲೂ ಹಾಡುವೆನು, ಬುದ್ಧಿಯಿಂದಲೂ ಹಾಡುವೆನು ಎಂಬುದು ಪೌಲನ ಮಾತು (1 ಕೊರಿಂಥ 14:15). ಹಾಡನ್ನು ಆರಿಸುವ ಮುಂಚೆ ರಾಗ ಬಿಟ್ಟು ಸಾಹಿತ್ಯವನ್ನು ಮಾತ್ರ ಗಟ್ಟಿಯಾಗಿ ಓದಿ. ದೇವರು ಏನು ಮಾಡಿದ್ದಾನೆಂಬುದು ಅದರಲ್ಲಿದೆಯೇ, ಅಥವಾ 'ನನಗೆ ಹೀಗನಿಸುತ್ತದೆ' ಎಂಬುದು ಮಾತ್ರವೇ? ಕ್ರಿಸ್ತನ ಹೆಸರು ತೆಗೆದು ಬೇರೆ ಯಾರದಾದರೂ ಹೆಸರು ಹಾಕಿದರೂ ಹಾಡು ಹಾಗೆಯೇ ನಿಲ್ಲುತ್ತದೆಯೇ? ನಿಂತರೆ ಆ ಹಾಡನ್ನು ಬದಿಗಿಡಿ. ಒಂದು ತಿಂಗಳ ಹಾಡುಗಳ ಪಟ್ಟಿ ಬರೆದು ನೋಡಿ, ಪಾಪದ ಅರಿಕೆ, ದುಃಖ, ನ್ಯಾಯಕ್ಕಾಗಿ ಮೊರೆ ಇವು ಎಷ್ಟಿವೆ? ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಪ್ರಲಾಪವೇ. 88ನೆಯ ಕೀರ್ತನೆ ಕತ್ತಲೆಯ ಮಾತಿನಲ್ಲಿಯೇ ಮುಗಿಯುತ್ತದೆ. ಆ ವಾರ ಮಗುವನ್ನು ಕಳೆದುಕೊಂಡು ಬಂದ ತಾಯಿಗೆ ಹಾಡಲು ಒಂದು ಹಾಡೂ ಇಲ್ಲದಿದ್ದರೆ ಅದು ನಮ್ಮ ಕೊರತೆ.

ಕೊಲೊಸ್ಸೆ 3:16ರಲ್ಲಿ ಹಾಡು ದೇವರಿಗೆ ಸಲ್ಲುವಾಗಲೇ ಒಬ್ಬರಿಗೊಬ್ಬರು ಕಲಿಸುವ ಸಾಧನವೂ ಹೌದು. ಅಂದಮೇಲೆ ಪಕ್ಕದವರ ದನಿ ಕೇಳಿಸಬೇಕು. ಹಾಡು ನಡೆಯುವಾಗ ತಂಡದಲ್ಲೊಬ್ಬರು ಹಿಂದಿನ ಸಾಲಿಗೆ ಹೋಗಿ ನಿಲ್ಲಲಿ. ಸ್ಪೀಕರ್ ಬಿಟ್ಟು ಬೇರೇನೂ ಕೇಳಿಸದಿದ್ದರೆ ಶಬ್ದ ತಗ್ಗಿಸಿ. ಅರ್ಧ ಜನ ಬಾಯಿ ಮುಚ್ಚಿಕೊಂಡಿದ್ದರೆ ಶ್ರುತಿ ಎತ್ತರವಾಗಿರಬಹುದು, ಒಂದೆರಡು ಸ್ವರ ಇಳಿಸಿ ನೋಡಿ. ತರಬೇತಿಯಿಲ್ಲದ ಕಂಠಗಳಿಗೆ ಒಂದು ಸ್ಥಾಯಿಗಿಂತ ಸ್ವಲ್ಪ ಹೆಚ್ಚಿನ ಹರಹು ಸಾಕು. ಹೊಸ ಹಾಡನ್ನು ಕಲಿಸಿದರೆ ಮುಂದಿನ ಎರಡು ಮೂರು ವಾರವೂ ಅದನ್ನೇ ಹಾಡಿಸಿ.

ವಾದ್ಯದ ಪ್ರಶ್ನೆಯಲ್ಲಿ ಸಭೆಗಳು ಬಹುಕಾಲದಿಂದ ಬೇರೆಬೇರೆಯಾಗಿ ನಡೆದಿವೆ. 150ನೆಯ ಕೀರ್ತನೆ ತುತೂರಿ, ಕಿನ್ನರಿ, ದಮ್ಮಡಿ, ತಾಳಗಳನ್ನು ಹೆಸರಿಸಿ ಕರೆಯುತ್ತದೆ. ಹೊಸ ಒಡಂಬಡಿಕೆಯ ಸಭಾಕೂಟಗಳ ವರ್ಣನೆಯಲ್ಲಿ ವಾದ್ಯದ ಮಾತಿಲ್ಲ. ಪೂರ್ವದೇಶದ ಆರ್ಥೊಡಾಕ್ಸ್ ಸಭೆಗಳಲ್ಲಿ ಹೆಚ್ಚಿನವು ಇಂದಿಗೂ ಕಂಠದಿಂದ ಮಾತ್ರ ಹಾಡುತ್ತವೆ. ಗ್ರಂಥ ವಿಧಿಸಿದ್ದನ್ನು ಬಿಟ್ಟು ಬೇರೇನೂ ಆರಾಧನೆಯಲ್ಲಿ ಸೇರಬಾರದೆಂದು 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣ ಹೇಳುತ್ತದೆ. ಗ್ರಂಥ ನಿಷೇಧಿಸದೆ ಇರುವುದನ್ನು ಭಕ್ತಿವೃದ್ಧಿಗೆ ಬಳಸಬಹುದೆಂಬುದು ಲೂಥರನ್ ಮತ್ತು ಆಂಗ್ಲಿಕನ್ ಸಭೆಗಳ ದಾರಿ. ವಾದ್ಯ ಇರುವುದರಿಂದಲೇ ಆರಾಧನೆ ಕೆಡುತ್ತದೆಂದು ಹೇಳಲು ಆಧಾರ ಸಾಲದೆಂಬುದು ನಮ್ಮ ಅಭಿಪ್ರಾಯ. ಹಾಡುವ ಜನರ ದನಿಯನ್ನು ವಾದ್ಯ ನುಂಗಿದರೆ ಮಾತ್ರ ಆಕ್ಷೇಪಿಸಿದ ಹಿರಿಯರ ಪಕ್ಷಕ್ಕೆ ನಾವೂ ಬರುತ್ತೇವೆ.

ಪ್ರಶ್ನೆ: ನಮ್ಮ ಕೂಟದಲ್ಲಿ ಎಲ್ಲರೂ ಒಟ್ಟಿಗೆ ಅನ್ಯಭಾಷೆಗಳಲ್ಲಿ, ಅಂದರೆ ತಾವು ಕಲಿಯದ ಭಾಷೆಗಳಲ್ಲಿ ಆತ್ಮಪ್ರೇರಿತರಾಗಿ ಮಾತಾಡುತ್ತಾರೆ. ತಡೆದರೆ ಪವಿತ್ರಾತ್ಮನನ್ನು ನಂದಿಸಿದಂತಾಗುವುದಿಲ್ಲವೇ?

ಉತ್ತರ: ಈ ವರಗಳು ಇಂದೂ ಇವೆ ಎನ್ನುವ ಸಭೆಗಳಿವೆ, ಅಪೊಸ್ತಲರ ಕಾಲಕ್ಕೇ ಮುಗಿದವು ಎನ್ನುವ ಸಭೆಗಳೂ ಇವೆ. ಇವೆ ಎನ್ನುವವರಿಗೂ ಪೌಲನ ಲೆಕ್ಕ ಅನ್ವಯಿಸುತ್ತದೆ: ಇಬ್ಬರು, ಹೆಚ್ಚೆಂದರೆ ಮೂವರು, ಒಬ್ಬರಾದ ಮೇಲೊಬ್ಬರು, ಅರ್ಥ ಹೇಳುವವನು ಇರಲೇಬೇಕು, ಇಲ್ಲದಿದ್ದರೆ ಮೌನ (1 ಕೊರಿಂಥ 14:27-28). ಪ್ರವಾದಿಸುವವರೂ ಇಬ್ಬರು ಮೂವರು, ಉಳಿದವರು ವಿವೇಚಿಸಬೇಕು. ತಡೆದುಕೊಳ್ಳಲು ಆಗಲಿಲ್ಲ ಎಂಬ ಮಾತಿಗೂ ಅಲ್ಲಿಯೇ ಉತ್ತರವಿದೆ: ಪ್ರವಾದಿಗಳ ಆತ್ಮಗಳು ಪ್ರವಾದಿಗಳ ಸ್ವಾಧೀನದಲ್ಲಿವೆ (14:32). ಇದನ್ನು ಬರೆದವನೇ ಆತ್ಮನನ್ನು ನಂದಿಸಬೇಡಿರಿ ಎಂದೂ ಬರೆದಿದ್ದಾನೆ (1 ಥೆಸಲೊನೀಕ 5:19). ಅವನಿಗೆ ಇವೆರಡರಲ್ಲಿ ವಿರೋಧ ಕಾಣಲಿಲ್ಲ.

ಪ್ರಶ್ನೆ: ಆಸ್ತಿಯ ವಿಷಯದಲ್ಲಿ ಅಣ್ಣನೊಂದಿಗೆ ಮಾತು ಬಿಟ್ಟು ಎರಡು ವರ್ಷವಾಯಿತು. ಇಬ್ಬರೂ ಒಂದೇ ಸಭೆಯವರು. ಅಯೋಗ್ಯವಾಗಿ ತಿಂದರೆ ದಂಡನೆ ಎಂಬ ಭಯದಿಂದ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಹೋಗುವುದನ್ನೇ ಬಿಟ್ಟಿದ್ದೇನೆ. ಇದು ಸರಿಯೇ?

ಉತ್ತರ: ನಿಮ್ಮ ಭಯ ಒಳ್ಳೆಯದು. ಆದರೆ ಅದು ನಿಮ್ಮನ್ನು ಮೇಜಿನಿಂದ ದೂರ ಒಯ್ದು ಅಲ್ಲಿಯೇ ನಿಲ್ಲಿಸಿದೆ. ಅದು ಒಯ್ಯಬೇಕಾಗಿದ್ದು ಅಣ್ಣನ ಮನೆಗೆ.

ಮೊದಲು ಕೊರಿಂಥದಲ್ಲಿ ಏನಾಗಿತ್ತೆಂದು ನೋಡಿ (1 ಕೊರಿಂಥ 11:17-34). ಉಳ್ಳವರು ಮುಂಚಿತವಾಗಿ ತಮ್ಮ ಊಟ ಮುಗಿಸುತ್ತಿದ್ದರು, ಕೆಲವರು ಕುಡಿದು ಮತ್ತರಾಗುತ್ತಿದ್ದರು, ಇಲ್ಲದವರು ಹಸಿದು ನಾಚಿಕೆಪಡುತ್ತಿದ್ದರು. ಪೌಲನು 'ಅಯೋಗ್ಯವಾಗಿ' ಎಂದದ್ದು ತಿನ್ನುವ ರೀತಿಯನ್ನು ಕುರಿತು. ಯೋಗ್ಯರಾದವರು ಮಾತ್ರ ಬನ್ನಿ ಎಂದಿದ್ದರೆ ಯಾರೂ ಬರುವಂತಿರಲಿಲ್ಲ. ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ ಎನ್ನುತ್ತಾನೆ, ಪರೀಕ್ಷಿಸಿಕೊಂಡು ಬಿಟ್ಟುಬಿಡಲಿ ಎನ್ನುವುದಿಲ್ಲ (28). ಕೊನೆಯಲ್ಲಿ ಕೊಟ್ಟ ಪರಿಹಾರವೂ ಸಹೋದರರ ಕಡೆಗೇ ತಿರುಗಿದೆ: ಒಬ್ಬರಿಗಾಗಿ ಒಬ್ಬರು ಕಾಯಿರಿ (33).

ಇನ್ನು ಮತ್ತಾಯ 5:23-24. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ ಒಂದಾಗಿ ಬಾ. ಇದನ್ನು ಕೇಳುತ್ತಿದ್ದವರು ಗಲಿಲಾಯದಲ್ಲಿ, ಯಜ್ಞವೇದಿ ಯೆರೂಸಲೇಮಿನಲ್ಲಿ. ಮೂರು ದಿನದ ದಾರಿ. ಅಷ್ಟು ದೂರ ನಡೆದು ಬಂದವನು ಕಾಣಿಕೆಯನ್ನು ಅಲ್ಲಿಯೇ ಇಟ್ಟು ಮತ್ತೆ ಮೂರು ದಿನ ನಡೆಯಬೇಕೆಂದರೆ ದೇವರು ಸಂಧಾನಕ್ಕೆ ಎಷ್ಟು ಬೆಲೆ ಕಟ್ಟಿದ್ದಾನೆಂದು ಲೆಕ್ಕಹಾಕಿ. ಆಮೇಲೆ ಅವನು ತಿರುಗಿ ಬಂದು ಕಾಣಿಕೆ ಕೊಡಬೇಕು, ಅದನ್ನೂ ಯೇಸು ಹೇಳಿದ್ದಾನೆ. ಇದರ ಹಿಂದೆ ಹಳೆಯ ವಿಧಿಯೊಂದಿದೆ. ನೆರೆಯವನಿಗೆ ಮೋಸ ಮಾಡಿದವನು ಮೂಲಧನವನ್ನೂ ಅದರ ಐದರಲ್ಲೊಂದು ಪಾಲನ್ನೂ ಕೂಡಿಸಿ ಅವನಿಗೆ ಕೊಡಬೇಕು, ಪ್ರಾಯಶ್ಚಿತ್ತಯಜ್ಞ ತರುವ ದಿನವೇ ಕೊಡಬೇಕು (ಯಾಜಕಕಾಂಡ 6:1-7). ನೆರೆಯವನ ಲೆಕ್ಕವನ್ನು ಬಾಕಿಯಿಟ್ಟುಕೊಂಡು ದೇವರ ಲೆಕ್ಕವನ್ನಷ್ಟೇ ತೀರಿಸಲಾಗದು.

ಹಾಗಾದರೆ ಮಾಡಬೇಕಾದ್ದೇನು? ಜಗಳದಲ್ಲಿ ನಿಮ್ಮ ತಪ್ಪು ಎಷ್ಟೆಂದು ಕಾಗದದಲ್ಲಿ ಬರೆಯಿರಿ, ಅಣ್ಣನ ತಪ್ಪನ್ನು ಅದರಲ್ಲಿ ಸೇರಿಸಬೇಡಿ. ಮಧ್ಯಸ್ಥರ ಮೂಲಕ ಹೇಳಿಕಳಿಸದೆ, ಫೋನಿನಲ್ಲಿ ಸಂದೇಶ ಹಾಕದೆ, ಒಬ್ಬರೇ ಹೋಗಿ (ಮತ್ತಾಯ 18:15). ಆ ದಿನ ಆಸ್ತಿಯ ಪಾಲು ಎತ್ತಬೇಡಿ. 'ನೀನೂ ಹಾಗೆ ಮಾಡಿದ್ದರಿಂದ' ಎಂಬ ಮಾತು ಬಂದ ಕ್ಷಣವೇ ಕ್ಷಮೆ ಕೇಳಲು ಹೋದದ್ದು ವಾದವಾಗಿಬಿಡುತ್ತದೆ. ಕೊಡಬೇಕಾದ್ದು ಇದ್ದರೆ ಕೊಡುವ ದಿನವನ್ನು ನೀವೇ ಹೇಳಿ. ಆಸ್ತಿಯ ಹಕ್ಕಿನ ವಿಚಾರವನ್ನು ಇಬ್ಬರೂ ಒಪ್ಪುವ ಒಬ್ಬರ ಮುಂದೆ, ಬೇರೆ ದಿನ ಇಟ್ಟುಕೊಳ್ಳಿ. ಅಣ್ಣ ಬಾಗಿಲು ತೆರೆಯದಿದ್ದರೆ? ನಿಮ್ಮಿಂದಾಗುವ ಮಟ್ಟಿಗೆ ಎಂಬ ಮಾತು ಅದಕ್ಕಾಗಿಯೇ ಇದೆ (ರೋಮಾಪುರದವರಿಗೆ 12:18). ನಿಮ್ಮ ಪಾಲಿನದನ್ನು ಮಾಡಿ ಮುಗಿಸಿದ ಮೇಲೆ ಮೇಜಿಗೆ ಬನ್ನಿ, ಕ್ರಿಸ್ತನು ಆ ರೊಟ್ಟಿಯನ್ನು ಪಾಪಿಗಳಿಗೆಂದೇ ಮುರಿದನು.

ಒಂದು ಎಚ್ಚರಿಕೆ ಸೇರಿಸಬೇಕು. ಈ ವಚನ, ನಿನ್ನ ಸಹೋದರನಿಗೆ ನಿನ್ನ ಮೇಲೆ ದೂರು ಇದ್ದರೆ ಎಂದು ಹೇಳುತ್ತದೆ, ಅಂದರೆ ತಪ್ಪಿದವನಿಗೆ ಹೇಳಿದ ಮಾತು. ಮನೆಯಲ್ಲಿ ಹೊಡೆತ ತಿನ್ನುವವರನ್ನು, ಶೋಷಣೆಗೆ ಒಳಗಾದವರನ್ನು ಹೊಡೆದವರ ಬಳಿಗೆ ಒಬ್ಬರೇ ಹೋಗಿರೆಂದು ಕಳಿಸಲು ಇದನ್ನು ಬಳಸಬಾರದು. ಅವರಿಗೆ ಮೊದಲು ಬೇಕಾದದ್ದು ರಕ್ಷಣೆ.

ಪ್ರಶ್ನೆ: ನಮ್ಮ ಸಭೆಗೆ ಅತಿ ಹೆಚ್ಚು ಕಾಣಿಕೆ ಕೊಡುವವರು ತಮ್ಮ ಕೆಲಸಗಾರರ ಕೂಲಿಯನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತಾರೆ. ಎಲ್ಲರಿಗೂ ಗೊತ್ತು, ಯಾರೂ ಮಾತಾಡುವುದಿಲ್ಲ. ಆ ಕಾಣಿಕೆ ದೇವರಿಗೆ ಮೆಚ್ಚಿಕೆಯೇ?

ಉತ್ತರ: ಅಲ್ಲ. ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನಲ್ಲಿ ಉಳಿಯಬಾರದು ಎನ್ನುತ್ತದೆ ಯಾಜಕಕಾಂಡ 19:13. ತಿಂಗಳಲ್ಲ, ಒಂದು ರಾತ್ರಿ. ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತದೆ, ಕೊಯ್ದವರ ಕೂಗು ಕರ್ತನ ಕಿವಿಗೆ ಬಿದ್ದಿದೆ ಎಂದು ಯಾಕೋಬನು ಬರೆಯುತ್ತಾನೆ (5:4). ಅದೇ ಭಾನುವಾರ ಆ ಕಿವಿಗೆ ನಮ್ಮ ಹಾಡೂ ಬೀಳುತ್ತದೆ. ಪ್ರವಾದಿ ಆಮೋಸನ ಕಾಲದ ವ್ಯಾಪಾರಿಗಳು ವಿಶ್ರಾಂತಿಯ ದಿನವಾದ ಸಬ್ಬತ್ತನ್ನು ತಪ್ಪದೆ ಆಚರಿಸುತ್ತಿದ್ದರು. ಅದು ಯಾವಾಗ ಮುಗಿದೀತು, ಅಳತೆಯನ್ನು ಕಿರಿದುಮಾಡಿ ತೂಕದ ಕಲ್ಲನ್ನು ಹಿರಿದುಮಾಡಿ ಮಾರೋಣ ಎಂದು ಕಾಯುತ್ತಲೂ ಇದ್ದರು (ಆಮೋಸ 8:5). ಅಂಥವರ ಹಾಡಿನ ಗದ್ದಲವನ್ನು ನನ್ನಿಂದ ತೊಲಗಿಸಿರಿ ಎಂದನು ದೇವರು (5:23). ಹಾಡಿನಲ್ಲಿ ಅಪಸ್ವರವಿತ್ತೆಂದು ಎಲ್ಲಿಯೂ ಬರೆದಿಲ್ಲ.

ಸಭೆಯ ಹಿರಿಯರು ಇಬ್ಬರು ಖಾಸಗಿಯಾಗಿ ಹೋಗಿ ನೇರವಾಗಿ ಹೇಳಲಿ: ಕೂಲಿ ಮೊದಲು, ಕಾಣಿಕೆ ಆಮೇಲೆ. ವೇದಿಕೆಯಿಂದ ಹೆಸರೆತ್ತದೆ ಚುಚ್ಚುವುದು ಬೇಡ, ಅದು ಅವಮಾನಿಸುತ್ತದೆಯೇ ಹೊರತು ತಿದ್ದುವುದಿಲ್ಲ. ಕೂಲಿ ತೀರುವವರೆಗೆ ಆ ಹಣವನ್ನು ಸಭೆ ಒಪ್ಪಿಕೊಳ್ಳದಿರುವುದೇ ಲೇಸು. ಅವರನ್ನು ತೊರೆಯುವ ಅಗತ್ಯವಿಲ್ಲ. ಸುಂಕ ವಸೂಲಿಗಾರ ಜಕ್ಕಾಯನೂ ಅನ್ಯಾಯದ ಹಣದವನೇ, ನಾಲ್ಕರಷ್ಟು ಹಿಂದಿರುಗಿಸುವೆನೆಂದ ದಿನ ಅವನ ಮನೆಗೆ ರಕ್ಷಣೆ ಬಂತು (ಲೂಕ 19:8-9). ಮುಂದಿನ ಸಾಲಿನ ಕುರ್ಚಿ ಯಾರಿಗೆ ಎಂಬುದನ್ನೂ ನಿಮ್ಮ ಹಿರಿಯರು ಒಮ್ಮೆ ಯೋಚಿಸಲಿ (ಯಾಕೋಬ 2:2-4).

ಕಾಣಿಕೆ ಎಣಿಸುವ ಬಗ್ಗೆಯೂ ಕೇಳಿದ್ದೀರಿ. ದೊಡ್ಡ ಮೊತ್ತವನ್ನು ಒಯ್ಯುವಾಗ ಯಾರೂ ತಪ್ಪು ಹೊರಿಸದಂತೆ ಪೌಲನು ಸಭೆಗಳು ನೇಮಿಸಿದ ಸಹೋದರನನ್ನು ಜೊತೆಗೆ ಸೇರಿಸಿಕೊಂಡನು (2 ಕೊರಿಂಥ 8:19-21). ಒಂದೇ ಮನೆಯವರಲ್ಲದ ಇಬ್ಬರು ಎಣಿಸಿ, ಅಂದೇ ಬರೆದು, ಇಬ್ಬರೂ ಸಹಿ ಹಾಕಲಿ.

ಪ್ರಶ್ನೆ: ಸಭಾಪಾಲಕರ ಕಾಲಿಗೆ ಬೀಳುವುದು, ಸಂತರ ಚಿತ್ರಕ್ಕೆ ನಮಸ್ಕರಿಸುವುದು ವಿಗ್ರಹಾರಾಧನೆಯೇ?

ಉತ್ತರ: ಬಾಗುವುದೊಂದೇ ಆರಾಧನೆಯಲ್ಲ. ಅಬ್ರಹಾಮನು ಹಿತ್ತಿಯರ ಮುಂದೆ ಬಾಗಿದನು (ಆದಿಕಾಂಡ 23:7), ಅದು ಬರೀ ಮರ್ಯಾದೆ. ಆದರೆ ಕೊರ್ನೇಲ್ಯನು ಕಾಲಿಗೆ ಬಿದ್ದಾಗ ಪೇತ್ರನು ಅವನನ್ನು ಎತ್ತಿ, ನಾನೂ ಮನುಷ್ಯನೇ ಎಂದನು (ಅಪೊಸ್ತಲರ ಕೃತ್ಯಗಳು 10:25-26). ಲುಸ್ತ್ರ ಊರಿನ ಜನರು ತಮ್ಮನ್ನು ದೇವರುಗಳೆಂದು ತಿಳಿದು ಬಲಿಯರ್ಪಿಸಲು ಬಂದಾಗ ಪೌಲ, ಬಾರ್ನಬರು ಬಟ್ಟೆ ಹರಿದುಕೊಂಡು ತಡೆದರು. ದೇವದೂತನು ಯೋಹಾನನಿಗೆ ಎರಡು ಸಲ ಬೇಡವೆಂದನು (ಪ್ರಕಟನೆ 19:10, 22:9). ಪುನರುತ್ಥಾನದ ನಂತರ ಸಮಾಧಿಗೆ ಹೋಗಿದ್ದ ಸ್ತ್ರೀಯರು ಪಾದ ಹಿಡಿದು ಆರಾಧಿಸಿದಾಗ ಯೇಸು ಮಾತ್ರ ತಡೆಯಲಿಲ್ಲ (ಮತ್ತಾಯ 28:9). ಆತನು ಯಾರೆಂಬುದಕ್ಕೆ ಇದೊಂದು ದೊಡ್ಡ ಸಾಕ್ಷಿ. ಸಭಾಪಾಲಕರು ಪೇತ್ರನನ್ನು ಅನುಸರಿಸಿದರೆ ಪ್ರಶ್ನೆಯೇ ಏಳುವುದಿಲ್ಲ.

ಚಿತ್ರಗಳ ವಿಷಯದಲ್ಲಿ 787ರ ಎರಡನೆಯ ನಿಕೇಯ ಮಹಾಸಭೆ ದೇವರಿಗೆ ಮಾತ್ರ ಸಲ್ಲುವ ಆರಾಧನೆಯನ್ನೂ ಚಿತ್ರಗಳಿಗೆ ತೋರುವ ಗೌರವವನ್ನೂ ಬೇರೆಬೇರೆಯೆಂದು ವಿಂಗಡಿಸಿತು. ಕ್ಯಾಥೊಲಿಕ್, ಆರ್ಥೊಡಾಕ್ಸ್ ಸಭೆಗಳು ಅದರಂತೆ ನಡೆಯುತ್ತವೆ, ಅವರು ಮರ ಬಣ್ಣವನ್ನು ದೇವರೆನ್ನುತ್ತಾರೆಂದು ಹೇಳುವುದು ಅನ್ಯಾಯ. ಸುಧಾರಣಾ ಪಂಥದ ಸಭೆಗಳು ಆ ವಿಂಗಡಣೆಯನ್ನು ಒಪ್ಪುವುದಿಲ್ಲ. ನಮಗೆ ಇಲ್ಲಿ ನೆನಪಾಗುವುದು, ಹಾವು ಕಚ್ಚಿದವರು ನೋಡಿ ಬದುಕಲೆಂದು ಮೋಶೆ ಅರಣ್ಯದಲ್ಲಿ ಎತ್ತಿ ನಿಲ್ಲಿಸಿದ ತಾಮ್ರದ ಸರ್ಪ. ದೇವರೇ ಮಾಡಿಸಿದ್ದು, ಜನರ ಪ್ರಾಣ ಉಳಿಸಿದ್ದು. ಮುಂದೆ ಜನರು ಅದಕ್ಕೆ ಧೂಪ ಹಾಕತೊಡಗಿದಾಗ ಹಿಜ್ಕೀಯನು ಅದನ್ನು ಚೂರುಚೂರು ಮಾಡಿದನು, ಗ್ರಂಥ ಅವನನ್ನು ಮೆಚ್ಚಿತು (2 ಅರಸುಗಳು 18:3-4). ಚಿತ್ರ ನೋಡಿ ಕ್ರಿಸ್ತನ ಕಡೆಗೆ ಮನಸ್ಸು ತಿರುಗುವುದು ಒಂದು, ಆ ಚಿತ್ರವಿಲ್ಲದೆ ಪ್ರಾರ್ಥಿಸಲಾಗದ ಸ್ಥಿತಿ ಇನ್ನೊಂದು. ಎರಡನೆಯದಕ್ಕೆ ಬಂದಿದ್ದರೆ ಅದನ್ನು ಪೆಟ್ಟಿಗೆಯಲ್ಲಿಡುವ ಕಾಲ ಬಂದಿದೆ.

ಪ್ರಶ್ನೆ: ತಾಯಿಯವರು ಹಾಸಿಗೆ ಹಿಡಿದಿದ್ದಾರೆ, ಸಭೆಗೆ ಹೋಗಲಾರರು. ಫೋನಿನಲ್ಲಿ ಆರಾಧನೆ ನೋಡುತ್ತಾರೆ. ಇದು ಲೆಕ್ಕಕ್ಕೆ ಬರುತ್ತದೆಯೇ ಎಂದು ಅಳುತ್ತಾರೆ.

ಉತ್ತರ: ಅಮ್ಮನವರಿಗೆ ಎರಡನೆಯ ಕೊರಿಂಥ 8:12 ಓದಿ ಹೇಳಿ. ಅದು ಹಣದ ವಿಷಯದಲ್ಲಿ ಬರೆದದ್ದು, ಆದರೂ ತತ್ವ ಇಲ್ಲಿಗೂ ಹೊಂದುತ್ತದೆ: ಮನಸ್ಸಿದ್ದರೆ ಇರುವುದಕ್ಕೆ ತಕ್ಕಂತೆ ಕೊಟ್ಟದ್ದು ಮೆಚ್ಚಿಕೆಯಾಗುತ್ತದೆ, ಇಲ್ಲದ್ದಕ್ಕೆ ತಕ್ಕಂತೆ ಅಲ್ಲ. ಕೂಡಿಬರುವುದನ್ನು ಬಿಟ್ಟುಬಿಡಬೇಡಿರಿ ಎಂಬ ಇಬ್ರಿಯ 10:25, ಬರಬಲ್ಲವರಾಗಿದ್ದೂ ಬಿಟ್ಟವರಿಗೆ ಹೇಳಿದ್ದು. ಅವರಿಗೆ ಬರಲಾಗದಿದ್ದರೆ ಸಭೆ ಅವರಲ್ಲಿಗೆ ಹೋಗಬೇಕು. ಹಿರಿಯರನ್ನು ಕರೆಸಿಕೊಳ್ಳುವ ಹಕ್ಕು ರೋಗಿಗಿದೆ (ಯಾಕೋಬ 5:14). ಜಸ್ಟಿನನ ಕಾಲದಲ್ಲಿ ಬಾರದವರ ಪಾಲನ್ನು ಮನೆಗೆ ಒಯ್ದರೆಂದು ಮೇಲೆ ಬರೆದೆವು. ಸಭಾಪಾಲಕರೊಂದಿಗೆ ಮಾತಾಡಿ ದಿನ ಗೊತ್ತುಮಾಡಿ. ಮೂರು ನಾಲ್ಕು ಮಂದಿ ಬರಲಿ, ಅರ್ಧ ಗಂಟೆಗಿಂತ ಹೆಚ್ಚು ಬೇಡ, ದಣಿವಾಗುತ್ತದೆ. ಅವರಿಗೆ ಬಾಯಿಪಾಠ ಬರುವ ಒಂದು ಕೀರ್ತನೆ, ಹಳೆಯ ಒಂದು ಹಾಡು, ಚಿಕ್ಕ ಪ್ರಾರ್ಥನೆ, ರೊಟ್ಟಿ ಮತ್ತು ರಸ. ನುಂಗುವುದು ಕಷ್ಟವಾದರೆ ರೊಟ್ಟಿಯ ಸಣ್ಣ ಚೂರನ್ನು ರಸದಲ್ಲಿ ನೆನೆಸಿ ಕೊಡಬಹುದು. ಹೊರಡುವ ಮುಂಚೆ ಆ ವಾರ ಯಾರಿಗಾಗಿ ಪ್ರಾರ್ಥಿಸಬೇಕೆಂದು ಹೆಸರುಗಳನ್ನು ಅವರ ಕೈಗೆ ಕೊಡಿ. ಸಭೆಯಲ್ಲಿ ಆ ಕೆಲಸಕ್ಕೆ ಅವರಷ್ಟು ಸಮಯ ಬೇರೆ ಯಾರಿಗೂ ಇಲ್ಲ.